ಓದುಗರ ಪ್ರಶ್ನೆ: ಕಾಡಿನ ಫೋಟೋಗೆ 600 ಎಂಎಂ ಲೆನ್ಸ್ ಬೇಕೇ?

ಉದ್ದದ ಟೆಲಿಫೋಟೋ ಲೆನ್ಸ್ ಕೊಳ್ಳಬೇಕೋ ಬೇಡವೋ ಎಂದು ಕೇಳಿ ಬಂದ ಪತ್ರಗಳೇ ಈ ಸಲ ಹೆಚ್ಚು. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ಲೆಕ್ಕಗಳಿವೆ. ಅವನ್ನು ಮಾಡದೆ ದುಡ್ಡು ಹಾಕಬೇಡಿ ಎಂಬುದು ನಮ್ಮ ಮೊದಲ ಮತ್ತು ಮುಖ್ಯ ಮಾತು.

ಪ್ರಶ್ನೆ: ನನ್ನ ಬಳಿ ನಿಕಾನ್ ಡಿ5600 ಮತ್ತು 70-300 ಎಂಎಂ ಲೆನ್ಸ್ ಇದೆ. ರಂಗನತಿಟ್ಟಿಗೂ ಊರಿನ ಕೆರೆಗಳಿಗೂ ಹೋಗುತ್ತಿರುತ್ತೇನೆ. ಹಕ್ಕಿ ಚಿಕ್ಕದಾಗಿ ಬರುತ್ತದೆ. 600 ಎಂಎಂ ಕೊಂಡರೆ ಸರಿಹೋಗುತ್ತದೆಯೇ? (ಮಂಡ್ಯ)

ಉತ್ತರ: ಹಕ್ಕಿ ಎಷ್ಟು ದೊಡ್ಡದಾಗಿ ಬರುತ್ತದೆ ಎಂಬುದನ್ನು ಊಹಿಸಬೇಕಿಲ್ಲ, ಗುಣಿಸಿ ಭಾಗಿಸಿದರೆ ಸಾಕು. ಲೆನ್ಸಿನ ಎಂಎಂ ಅನ್ನು ಪ್ರಾಣಿಯ ಉದ್ದದಿಂದ ಗುಣಿಸಿ, ದೂರದಿಂದ ಭಾಗಿಸಿ. ಎಲ್ಲವೂ ಮಿಲಿಮೀಟರಿನಲ್ಲಿರಲಿ. ಬರುವ ಉತ್ತರವೇ ಸೆನ್ಸರಿನ ಮೇಲೆ ಬೀಳುವ ಬಿಂಬದ ಅಳತೆ.

16 ಸೆಂಟಿಮೀಟರಿನ ಸಣ್ಣ ಮಿಂಚುಳ್ಳಿ 10 ಮೀಟರ್ ದೂರದಲ್ಲಿ ಕೂತಿದೆ ಅನ್ನಿ. 300 ಎಂಎಂನಲ್ಲಿ ಬಿಂಬ 4.8 ಮಿ.ಮೀ., 600ರಲ್ಲಿ 9.6 ಮಿ.ಮೀ. ನಿಮ್ಮ ಕ್ಯಾಮೆರಾದ ಸೆನ್ಸರ್ 23.5 ಮಿ.ಮೀ. ಅಗಲ, ಅಷ್ಟಗಲಕ್ಕೆ 6000 ಪಿಕ್ಸೆಲ್. ಅಂದರೆ ಹಕ್ಕಿಯ ಪಾಲಿಗೆ ಸಿಗುವುದು ಮೊದಲ ಲೆನ್ಸಿನಲ್ಲಿ ಸುಮಾರು 1225 ಪಿಕ್ಸೆಲ್, ಎರಡನೆಯದರಲ್ಲಿ 2450. ಅದೇ ಮಿಂಚುಳ್ಳಿ 20 ಮೀಟರಿನಾಚೆ ಕೂತರೆ 600 ಎಂಎಂನಲ್ಲೂ ಮತ್ತೆ 1225ಕ್ಕೇ ಬಂದು ನಿಲ್ಲುತ್ತೀರಿ. ಪೊದೆಯ ಮರೆಯಲ್ಲಿ ಅಲುಗಾಡದೆ ಕೂತು ಹಕ್ಕಿ ತಾನಾಗಿ ಹತ್ತಿರ ಬರುವಂತೆ ಮಾಡಿಕೊಂಡರೆ ಈಗಿರುವ ಲೆನ್ಸೇ ದುಪ್ಪಟ್ಟು ಉದ್ದವಾದಂತೆ.

ರಂಗನತಿಟ್ಟಿನ ಲೆಕ್ಕ ಬೇರೆ. ದೋಣಿಯಿಂದ 15 ಮೀಟರ್ ದೂರದ ಮರದ ಮೇಲೆ ಸುಮಾರು 95 ಸೆಂ.ಮೀ. ಎತ್ತರದ ಬಣ್ಣದ ಕೊಕ್ಕರೆ ನಿಂತಿದ್ದರೆ 300 ಎಂಎಂನಲ್ಲಿ ಬಿಂಬ 19 ಮಿ.ಮೀ. ಆಗುತ್ತದೆ. ನಿಮ್ಮ ಸೆನ್ಸರಿನ ಎತ್ತರವೇ 15.6. ಕ್ಯಾಮೆರಾ ಅಡ್ಡ ಹಿಡಿದರೆ ಕೊಕ್ಕರೆ ಫ್ರೇಮಿನಲ್ಲಿ ಹಿಡಿಸುವುದಿಲ್ಲ. ಅಲ್ಲಿ ನಿಮಗೆ ಲೆನ್ಸಿನ ಕೊರತೆ ಇಲ್ಲ. ಕೊರತೆ ಇರುವುದು ಕೆರೆ ದಂಡೆಯ ಸಣ್ಣ ಹಕ್ಕಿಗಳಿಗೆ ಮಾತ್ರ.

ಇನ್ನೊಂದು ಪರೀಕ್ಷೆ: ಕಳೆದ ವರ್ಷದ ಫೋಟೋಗಳನ್ನು ಲೈಟ್‌ರೂಮಿನಲ್ಲೋ ಉಚಿತವಾಗಿ ಸಿಗುವ ಡಿಜಿಕ್ಯಾಮ್‌ನಲ್ಲೋ ಹಾಕಿ, ಎಷ್ಟು ಎಂಎಂನಲ್ಲಿ ತೆಗೆದದ್ದು ಎಂದು ವಿಂಗಡಿಸಿ. ನೀವು ಇಷ್ಟಪಟ್ಟ ಚಿತ್ರಗಳಲ್ಲಿ ಬಹುಪಾಲು 300ರಲ್ಲೇ ಇದ್ದು, ಅವನ್ನು ಅರ್ಧಕ್ಕಿಂತ ಹೆಚ್ಚು ಕ್ರಾಪ್ ಮಾಡಿದ್ದರೆ ಉದ್ದ ಲೆನ್ಸ್ ಬೇಕು. 300ರಲ್ಲಿದ್ದೂ ಹಕ್ಕಿಯ ಕಣ್ಣೇ ಮಸುಕಾಗಿದ್ದರೆ ತೊಂದರೆ ಷಟರ್ ವೇಗದಲ್ಲಿದೆ ಅಥವಾ ಫೋಕಸ್‌ನಲ್ಲಿದೆ. ಉದ್ದ ಲೆನ್ಸ್ ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ, ಅಷ್ಟೆ. 12×8 ಇಂಚಿನ ಒಳ್ಳೆಯ ಪ್ರಿಂಟಿಗೆ 2880×1920 ಪಿಕ್ಸೆಲ್ ಸಾಕು ಎಂಬುದೂ ಲೆಕ್ಕದಲ್ಲಿರಲಿ.

ಕೊಳ್ಳುವುದೇ ಆದರೆ ನಿಮ್ಮ ಕ್ಯಾಮೆರಾಗೆ ಸಂಬಂಧಿಸಿದ ಒಂದು ಮಾತನ್ನು ಅಂಗಡಿಯವರು ಹೇಳಲಿಕ್ಕಿಲ್ಲ. ಡಿ5600ಕ್ಕೆ ಬಾಡಿಯಲ್ಲಿ ಫೋಕಸ್ ಮೋಟಾರಿಲ್ಲ, ಹಾಗಾಗಿ ಮೋಟಾರಿರುವ ಲೆನ್ಸೇ ಆಗಬೇಕು. ನಿಕಾನ್ 200-500 ಎಫ್/5.6, ಸಿಗ್ಮಾ 150-600 ಕಂಟೆಂಪರರಿ, ಟ್ಯಾಮ್ರಾನ್ 150-600 ಜಿ2 ಮೂರರಲ್ಲೂ ಮೋಟಾರಿದೆ. ಆದರೆ ಈ ಕ್ಯಾಮೆರಾದಲ್ಲಿ ಎಎಫ್ ಫೈನ್‌ಟ್ಯೂನ್ ಸೌಲಭ್ಯವಿಲ್ಲ. ಲೆನ್ಸ್ ತುಸು ಮುಂದಕ್ಕೋ ಹಿಂದಕ್ಕೋ ಫೋಕಸ್ ಮಾಡುತ್ತಿದ್ದರೆ ಕ್ಯಾಮೆರಾದಲ್ಲಿ ಅದನ್ನು ತಿದ್ದಲು ದಾರಿಯಿಲ್ಲ. ಸಿಗ್ಮಾಗೆ ಯುಎಸ್‌ಬಿ ಡಾಕ್, ಟ್ಯಾಮ್ರಾನ್‌ಗೆ ಟ್ಯಾಪ್-ಇನ್ ಕನ್ಸೋಲ್ ಎಂಬ ಪುಟ್ಟ ಸಾಧನಗಳಿವೆ. ಅವುಗಳಿಂದ ತಿದ್ದುಪಡಿಯನ್ನು ಲೆನ್ಸಿನೊಳಗೇ ಬರೆಯಬಹುದು. ನಿಕಾನ್ ಲೆನ್ಸ್ ಮೂರನೇ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು; ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ನಿಜ. ಆದರೂ ಈ ಕ್ಯಾಮೆರಾಗೆ ನಮ್ಮ ಮತ ಡಾಕ್ ಸಮೇತ ಸಿಗ್ಮಾಗೆ. ಅದರ ತೂಕ 1930 ಗ್ರಾಂ, ನಿಕಾನಿನದು 2300.

ಪರೀಕ್ಷಿಸುವ ಬಗೆ ಹೀಗೆ. ಟ್ರೈಪಾಡಿನಲ್ಲಿಟ್ಟು 15ರಿಂದ 20 ಮೀಟರ್ ದೂರದಲ್ಲಿ ಅಕ್ಷರ ಮುದ್ರಿಸಿದ ಚಪ್ಪಟೆ ರಟ್ಟನ್ನು ನಿಲ್ಲಿಸಿ. ವ್ಯೂಫೈಂಡರಿನಲ್ಲಿ ನೋಡಿ ಪ್ರತಿ ಸಲವೂ ಫೋಕಸ್ ಕೆಡಿಸಿ, ಮತ್ತೆ ಹಿಡಿದು ಹತ್ತು ಚಿತ್ರ ತೆಗೆಯಿರಿ. ಆಮೇಲೆ ಲೈವ್‌ವ್ಯೂನಲ್ಲಿ, ಅಂದರೆ ಹಿಂಬದಿಯ ಪರದೆ ನೋಡಿ, ಮೂರು ತೆಗೆಯಿರಿ. ಲೈವ್‌ವ್ಯೂ ಚಿತ್ರಗಳೇ ಪ್ರತಿ ಬಾರಿ ಚುರುಕಾಗಿದ್ದರೆ ಲೆನ್ಸನ್ನು ತಿದ್ದಬೇಕು. ಎರಡು ಮೀಟರ್ ದೂರದ ಗೋಡೆಗೆ ಹಿಡಿದು ಮಾಡುವ ಪರೀಕ್ಷೆಯಿಂದ ಕಾಡಿನಲ್ಲಿ ಪ್ರಯೋಜನವಿಲ್ಲ.

ಪ್ರಶ್ನೆ: ನಾಗರಹೊಳೆ, ಬಂಡೀಪುರದ ಸಫಾರಿಗಾಗಿ ಲೆನ್ಸ್ ಕೊಳ್ಳಬೇಕೆಂದಿದ್ದೇನೆ. ಸೋನಿ ಫುಲ್‌ಫ್ರೇಮ್ ಕ್ಯಾಮೆರಾ ಇದೆ. 200-600 ಕೊಳ್ಳಲೇ, 100-400 ಕೊಳ್ಳಲೇ? (ಮೈಸೂರು)

ಉತ್ತರ: ಒಂದೇ ಕ್ಯಾಮೆರಾ ಇದ್ದರೆ 100-400. ಎರಡನೇ ಬಾಡಿಯ ಮೇಲೆ 70-200 ಹಾಕಿಕೊಳ್ಳುವ ಅನುಕೂಲವಿದ್ದರೆ 200-600.

ಕಾರಣ, ಸಫಾರಿ ಜೀಪಿನಲ್ಲಿ ದೂರವನ್ನು ನಿರ್ಧರಿಸುವವರು ನೀವಲ್ಲ. ಭುಜದೆತ್ತರ 2.7 ಮೀಟರ್ ಇರುವ ಆನೆ 15 ಮೀಟರ್ ಹತ್ತಿರ ದಾರಿ ದಾಟುತ್ತಿದೆ ಎಂದುಕೊಳ್ಳಿ. 200 ಎಂಎಂನಲ್ಲಿ ಬಿಂಬ 36 ಮಿ.ಮೀ. ಎತ್ತರ. ಫುಲ್‌ಫ್ರೇಮ್ ಸೆನ್ಸರಿನ ಅಗಲ 36, ಎತ್ತರ 24. ಜೂಮನ್ನು ಪೂರ್ತಿ ಹಿಂದಕ್ಕೆ ತಂದರೂ ಆನೆಯ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಸಿಕ್ಕೀತು, ಅಷ್ಟೆ. 100 ಎಂಎಂನಲ್ಲಾದರೆ 18 ಮಿ.ಮೀ., ಮೇಲೆ ಕೆಳಗೆ ಜಾಗ ಬಿಟ್ಟು ಇಡೀ ಆನೆ ಬರುತ್ತದೆ. ಇನ್ನು ಹುಲಿ. ಬಾಲ ಬಿಟ್ಟು 1.8 ಮೀಟರ್ ಉದ್ದದ ಹುಲಿ 30 ಮೀಟರ್ ದೂರದಲ್ಲಿ ಅಡ್ಡಕ್ಕೆ ನಡೆದರೆ 400 ಎಂಎಂನಲ್ಲಿ ಬಿಂಬ 24 ಮಿ.ಮೀ., ಅಂದರೆ ಫ್ರೇಮಿನ ಮೂರನೇ ಎರಡು ಭಾಗ. ಚಿತ್ರಕ್ಕೆ ಅದು ಹದವಾದ ಅಳತೆ. 600ರಲ್ಲಿ 36 ಮಿ.ಮೀ., ಅಂಚಿನಿಂದ ಅಂಚಿಗೆ ಹುಲಿ, ಬಾಲ ಹೊರಗೆ.

600 ಗೆಲ್ಲುವ ಸಂದರ್ಭಗಳೂ ಇವೆ. ಕಬಿನಿ ಹಿನ್ನೀರಿನ ಆಚೆ ದಂಡೆ, ಒಳಗಿನ ಮರದ ಕೊಂಬೆಯ ಮೇಲೆ ಮಲಗಿದ ಚಿರತೆ. 60 ಮೀಟರ್ ದೂರದ ಚಿರತೆಗೆ 400 ಎಂಎಂನಲ್ಲಿ 8 ಮಿ.ಮೀ., 600ರಲ್ಲಿ 12. ಹಕ್ಕಿಗಳ ಮೇಲೆ ಆಸೆ ಹೆಚ್ಚಿದ್ದರೆ ತೀರ್ಪು 200-600ರ ಕಡೆಗೆ ವಾಲುತ್ತದೆ. ಈ ಲೆನ್ಸಿನ ದೊಡ್ಡ ಗುಣವೆಂದರೆ ಜೂಮ್ ಮಾಡಿದಾಗ ಕೊಳವೆ ಹೊರಚಾಚುವುದಿಲ್ಲ. ಹಾಗಾಗಿ ಧೂಳು ಒಳಗೆ ಹೋಗುವುದು ಕಡಿಮೆ, ತೂಕದ ಸಮತೋಲನವೂ ತಪ್ಪುವುದಿಲ್ಲ. ಅನನುಕೂಲವೆಂದರೆ ಚೀಲದಲ್ಲಿ ಯಾವಾಗಲೂ 318 ಮಿ.ಮೀ. ಉದ್ದ. ಇನ್ನೊಂದು ಎಚ್ಚರಿಕೆ, ಬೇಸಗೆಯ ಕಾಡುದಾರಿಯಲ್ಲಿ ತೆರೆದ ಜೀಪಿನೊಳಗೆ ಲೆನ್ಸ್ ಬದಲಿಸಬೇಡಿ. ಎದುರು ಜೀಪಿನ ಕೆಂಧೂಳು ನೇರ ಸೆನ್ಸರಿನ ಮೇಲೆ ಕೂರುತ್ತದೆ.

ಬೆಳಕಿನ ವಿಷಯದಲ್ಲಿ ಈ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಎಫ್/5.6 ಮತ್ತು ಎಫ್/6.3ರ ಅಂತರ ಮೂರನೇ ಒಂದು ಸ್ಟಾಪ್. ನಿಜವಾದ ಅಂತರ ಕಾಣುವುದು 600 ಎಂಎಂ ಎಫ್/4 ಲೆನ್ಸಿನಲ್ಲಿ. ಅಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಹೆಚ್ಚಿಸಿದಷ್ಟೂ ಚಿತ್ರ ಕಾಳುಕಾಳು) 2500 ಸಾಕಾದರೆ ಎಫ್/6.3ರಲ್ಲಿ 6400 ಬೇಕು. ಮರಗಳ ನೆರಳಲ್ಲಿ, ಬೆಳಿಗ್ಗೆ ಆರೂವರೆಗೆ ಆ ಒಂದೂ ಮೂರನೇ ಒಂದು ಸ್ಟಾಪಿನ ಬೆಲೆ ಗೊತ್ತಾಗುತ್ತದೆ. ಆದರೆ ಅದರ ತೂಕ 3 ಕೆಜಿ, ಬೆಲೆ ಹತ್ತು ಲಕ್ಷಕ್ಕೂ ಮೇಲೆ. ಫೋಟೋಗ್ರಫಿಯೇ ಕಸುಬಲ್ಲದವರಿಗೆ ನಾವು ಅದನ್ನು ಹೇಳುವುದಿಲ್ಲ. ಉಳಿದ ಹಣದಲ್ಲಿ ಎಷ್ಟೋ ವರ್ಷ ಕಾಡಿಗೆ ಹೋಗಬಹುದು.

ಜೀಪಿಗೆ ಟ್ರೈಪಾಡ್ ಒಯ್ಯಬೇಡಿ, ಕಾಲು ಚಾಚಲು ಜಾಗವಿರುವುದಿಲ್ಲ, ಪಕ್ಕದವರಿಗೂ ತೊಂದರೆ. ಗಟ್ಟಿ ಬಟ್ಟೆಯ ಬೀನ್‌ಬ್ಯಾಗ್ ಖಾಲಿಯಾಗಿ ಒಯ್ದು, ಅಲ್ಲೇ ಹತ್ತಿರದ ಊರಿನ ದಿನಸಿ ಅಂಗಡಿಯಲ್ಲಿ ಎರಡು ಮೂರು ಕಿಲೋ ಅಕ್ಕಿ ಅಥವಾ ಕಡಲೆಕಾಳು ತುಂಬಿಸಿ. ಪೂರ್ತಿ ಬಿಗಿದು ತುಂಬಬಾರದು, ಮುಕ್ಕಾಲು ತುಂಬಿದರೆ ಲೆನ್ಸ್ ಅದರೊಳಗೆ ಇಳಿದು ಕೂರುತ್ತದೆ. ಎಂಜಿನ್ ಓಡುತ್ತಿದ್ದಾಗ ಮಾತ್ರ ಚೀಲದ ಮೇಲಿಡದೆ ಕೈಯಲ್ಲಿ ಹಿಡಿಯಿರಿ. ಜೀಪಿನ ಕಂಪನ ಕಂಬಿಯಿಂದ ಚೀಲಕ್ಕೆ, ಚೀಲದಿಂದ ಲೆನ್ಸಿಗೆ ಬರುತ್ತದೆ. ನಿಮ್ಮ ತೋಳು ಅದರಲ್ಲಿ ಬಹುಪಾಲನ್ನು ನುಂಗಿಕೊಳ್ಳುತ್ತದೆ. ಲೆನ್ಸ್ ಎಷ್ಟು ಎಂಎಂ ಎಂಬುದನ್ನು ನೋಡಿ ಕ್ಯಾಮೆರಾ ಶುಲ್ಕ ಹಾಕುವ ಸಫಾರಿಗಳಿವೆ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಪ್ರಶ್ನೆ: 150-600 ಲೆನ್ಸ್ ಕೊಂಡೆ. ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳ ಫೋಟೋ ಒಂದೂ ಚುರುಕಾಗಿ ಬಂದಿಲ್ಲ. ಹನ್ನೊಂದು ಗಂಟೆಯ ಒಳ್ಳೆ ಬಿಸಿಲಿತ್ತು, ಷಟರ್ 1/1600 ಇಟ್ಟಿದ್ದೆ. ಲೆನ್ಸ್ ಕೆಟ್ಟದ್ದೇ? (ಗದಗ)

ಉತ್ತರ: ಒಳ್ಳೆ ಬಿಸಿಲೇ ಕಾರಣವಿರಬೇಕು. ಹನ್ನೊಂದರ ಹೊತ್ತಿಗೆ ನೆಲ ಕಾದು, ಅದರ ಮೇಲಿನ ಬಿಸಿಗಾಳಿ ತಣ್ಣನೆಯ ಗಾಳಿಯೊಂದಿಗೆ ಕಲೆಯುತ್ತಾ ಏಳುತ್ತದೆ. ಬಿಸಿಗಾಳಿಯೂ ತಣ್ಣನೆಯ ಗಾಳಿಯೂ ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುವುದರಿಂದ ದೂರದ ವಸ್ತುವಿನ ಅಂಚು ಕುದಿಯುವಂತೆ ಕಾಣುತ್ತದೆ. ಹಕ್ಕಿಗೂ ನಿಮಗೂ ನಡುವೆ ಎಷ್ಟು ಗಾಳಿ ಇದೆಯೋ ಅಷ್ಟೂ ಹಾಳು. ಹತ್ತು ಲಕ್ಷದ ಲೆನ್ಸೂ ಇದನ್ನು ದಾಟಲಾರದು, ಯಾವ ಷಟರ್ ವೇಗವೂ ಇದನ್ನು ಪೂರ್ತಿ ತಡೆಯಲಾರದು.

ಜೊತೆಗೆ ಅಳತೆಯನ್ನೂ ನೋಡಿ. ಸುಮಾರು 75 ಸೆಂ.ಮೀ. ಉದ್ದದ ಹೆಬ್ಬಾತು 150 ಮೀಟರ್ ದೂರದಲ್ಲಿದ್ದರೆ 600 ಎಂಎಂನಲ್ಲಿ ಬಿಂಬ 3 ಮಿ.ಮೀ. ಮಾತ್ರ. 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರಿನಲ್ಲಿ (ಡಿ5600ರಲ್ಲಿರುವಂಥ, ಫುಲ್‌ಫ್ರೇಮಿಗಿಂತ ಚಿಕ್ಕದು) ಇಡೀ ಹಕ್ಕಿಗೆ 770 ಪಿಕ್ಸೆಲಿಗಿಂತ ಕಡಿಮೆ. ಅಷ್ಟರಲ್ಲಿ ಗರಿಯ ಎಳೆ ಹುಡುಕುವಂತಿಲ್ಲ.

ದೋಷ ಯಾವುದು ಎಂಬುದನ್ನು ಚಿತ್ರಗಳೇ ಹೇಳುತ್ತವೆ. ಒಂದೇ ಬರ್ಸ್ಟಿನ, ಅಂದರೆ ಬಿಡದೆ ಸಾಲಾಗಿ ತೆಗೆದ ಹತ್ತು ಚಿತ್ರಗಳನ್ನು ಪೂರ್ತಿ ಹಿಗ್ಗಿಸಿ ಒಂದಾದ ಮೇಲೊಂದು ನೋಡಿ. ಒಂದರಲ್ಲಿ ಕೊಕ್ಕು ಸರಿ, ಇನ್ನೊಂದರಲ್ಲಿ ಸೊಟ್ಟ, ಮತ್ತೊಂದರಲ್ಲಿ ಕತ್ತು ಅಲೆಅಲೆ. ಹೀಗಿದ್ದರೆ ಅದು ಗಾಳಿಯ ಕೆಲಸ. ಹತ್ತರಲ್ಲೂ ಹಕ್ಕಿ ಒಂದೇ ರೀತಿ ಮಸುಕಾಗಿದ್ದು, ಮುಂದಿನ ಅಥವಾ ಹಿಂದಿನ ಹುಲ್ಲು ಸ್ಪಷ್ಟವಾಗಿದ್ದರೆ ಫೋಕಸ್ ಜಾರಿದೆ. ಎಲ್ಲ ಅಂಚುಗಳೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಹಕ್ಕಿ ಮಾತ್ರ ಎಳೆದು ನೀರಿನಂಚಿನ ಕಲ್ಲು ಚುರುಕಾಗಿದ್ದರೆ ಹಕ್ಕಿ ಅಲುಗಿದೆ. ಲೆನ್ಸಿನ ಸ್ಟೆಬಿಲೈಸರ್ ನಿಮ್ಮ ಕೈಯನ್ನಷ್ಟೇ ನೋಡಿಕೊಳ್ಳುತ್ತದೆ, ಹಕ್ಕಿಯನ್ನಲ್ಲ. ಹಾರುವ ಹಕ್ಕಿಗೆ 1/2000ದಿಂದ 1/3200 ಬೇಕು.

ಲೆನ್ಸಿನ ಮೇಲೆ ಇನ್ನೂ ಅನುಮಾನವಿದ್ದರೆ ನಸುಕಿನ ತಂಪಿನಲ್ಲಿ 20 ಮೀಟರ್ ದೂರದ ಕಲ್ಲಿನ ಕಂಬದ ಫೋಟೋ ತೆಗೆಯಿರಿ. ಅದು ಚುರುಕಾಗಿ ಬಂದರೆ ಲೆನ್ಸ್ ಚೆನ್ನಾಗಿದೆ. ಮುಂದೆ ಅಗ್ಗದ ಯುವಿ ಫಿಲ್ಟರ್ ಹಾಕಿದ್ದರೆ ಮೊದಲು ಅದನ್ನು ತೆಗೆದಿಡಿ. 95 ಮಿ.ಮೀ. ಅಗಲದ ಸಾಧಾರಣ ಗಾಜು 600 ಎಂಎಂನಲ್ಲಿ ಚಿತ್ರವನ್ನು ಕೆಡಿಸುವುದುಂಟು. ಮುಂದಿನ ಗಾಜಿನ ರಕ್ಷಣೆಗೆ ಹುಡ್ ಸಾಕು. ಮೈದನಹಳ್ಳಿಯ ಕೃಷ್ಣಮೃಗಗಳಿಗೆ ಹೋಗುವವರಿಗೂ ಇದೇ ಮಾತು: ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ಸೂರ್ಯ ಹುಟ್ಟಿದ ಮೊದಲ ಎರಡು ತಾಸು ಮತ್ತು ಮುಳುಗುವ ಮುಂಚಿನ ಒಂದು ತಾಸು ಬಿಟ್ಟರೆ ಉದ್ದ ಲೆನ್ಸಿಗೆ ಕೆಲಸವಿಲ್ಲ. ಕಾರಿನ ಬಿಸಿ ಬಾನೆಟ್ ಮೇಲಿಂದಲೂ, ಎ.ಸಿ. ಹಾಕಿದ ಕಾರಿನ ಕಿಟಕಿ ಇಳಿಸಿದ ತಕ್ಷಣವೂ ತೆಗೆಯಬೇಡಿ.

ಪ್ರಶ್ನೆ: ಬಾಡಿಗೆ ದಿನಕ್ಕೆ 1,200 ರೂಪಾಯಿ ಅನ್ನುತ್ತಾರೆ. ಅದೇ ಲೆನ್ಸಿನ ಬೆಲೆ 1,70,000. ವರ್ಷಕ್ಕೆ ನಾಲ್ಕು ಸಲ, ಸಲಕ್ಕೆ ಮೂರು ದಿನ ಕಾಡಿಗೆ ಹೋಗುತ್ತೇನೆ. ಯಾವುದು ಲಾಭ? (ಬೆಂಗಳೂರು)

ಉತ್ತರ: ನಿಮ್ಮ ಅಂಕಿಗಳಿಂದಲೇ ನೋಡೋಣ. 12 ದಿನಕ್ಕೆ ವರ್ಷಕ್ಕೆ 14,400, ಮೂರು ವರ್ಷಕ್ಕೆ 43,200. ಕೊಂಡು ಮೂರು ವರ್ಷದ ಮೇಲೆ ಮಾರಿದಾಗ 60,000 ಕಳೆದುಕೊಳ್ಳುತ್ತೀರಿ ಎಂದಿಟ್ಟುಕೊಂಡರೆ ಬಾಡಿಗೆಯೇ ಅಗ್ಗ. ವರ್ಷಕ್ಕೆ ಸುಮಾರು 17 ದಿನ ದಾಟಿದರೆ ಲೆಕ್ಕ ತಿರುಗುತ್ತದೆ.

ಆದರೆ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೋ ಹೆಸರಘಟ್ಟಕ್ಕೋ ಹೋಗುವವರಾದರೆ ಆ ದಿನಗಳನ್ನೂ ಸೇರಿಸಿ. ಉದ್ದ ಲೆನ್ಸಿಗೆ ಕೈ ಪಳಗಲು ಸಮಯ ಬೇಕು. 600 ಎಂಎಂನಲ್ಲಿ ಕಾಣುವ ಜಾಗ ಎಷ್ಟು ಕಿರಿದೆಂದರೆ ಕಣ್ಣೆದುರೇ ಕೂತ ಹಕ್ಕಿ ಫ್ರೇಮಿನೊಳಗೆ ಸಿಗುವುದಿಲ್ಲ. ವಾರವಾರ ಅಭ್ಯಾಸ ಮಾಡುವ ಮನಸ್ಸಿದ್ದರೆ ಕೊಳ್ಳಿ, ಲೆಕ್ಕಕ್ಕೆ ಸಿಗದ ಲಾಭ ಅಲ್ಲಿದೆ. ಇಲ್ಲವಾದರೆ ಬಾಡಿಗೆಯೇ ಸರಿ. ಹೇಗಿದ್ದರೂ ಮೊದಲ ಪ್ರವಾಸಕ್ಕೆ ಬಾಡಿಗೆಗೆ ತನ್ನಿ. ಹೊರಡುವ ಹಿಂದಿನ ದಿನವೇ ಪಡೆದು ನಿಮ್ಮ ಕ್ಯಾಮೆರಾಗೆ ಹೊಂದುತ್ತದೆಯೇ, ಫೋಕಸ್ ಸರಿಯಿದೆಯೇ ನೋಡಿ. ಆಗಲೇ ಇರುವ ಗೀರುಗಳ ಫೋಟೋವನ್ನು ಅಂಗಡಿಯಲ್ಲೇ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಹಳೆಯ ಲೆನ್ಸ್ ಒಂದು ಮಾರಾಟಕ್ಕಿದೆ. ಏನೇನು ನೋಡಬೇಕು? ಕರಾವಳಿಯ ತೇವದಲ್ಲಿ ಹೇಗೆ ಇಟ್ಟುಕೊಳ್ಳಬೇಕು? (ಕುಂದಾಪುರ)

ಉತ್ತರ: ಮೊದಲು ಬೂಷ್ಟು. ಎರಡೂ ಮುಚ್ಚಳ ತೆಗೆದು, ಹಿಂಬದಿಯಿಂದ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಆಮೇಲೆ ತಿರುಗಿಸಿ. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆಯಿಲ್ಲ, ಚಿತ್ರದಲ್ಲಿ ಅವು ಕಾಣವು. ಜೇಡರ ಬಲೆಯಂತೆ ಕವಲೊಡೆದ ಎಳೆಗಳಿದ್ದರೆ ಬಿಟ್ಟುಬಿಡಿ. ಮುಂದುವರಿದ ಬೂಷ್ಟು ಗಾಜಿನ ಲೇಪನವನ್ನೇ ತಿಂದಿರುತ್ತದೆ, ಒರೆಸಿದರೂ ಗುರುತು ಹೋಗದು.

ಫಿಲ್ಟರ್ ಹಾಕುವ ಅಂಚು ತಗ್ಗಿದ್ದರೆ ಲೆನ್ಸ್ ಬಿದ್ದಿದೆ ಎಂದರ್ಥ. ಮೌಂಟಿನ (ಕ್ಯಾಮೆರಾಗೆ ಕೂರುವ ಬಳೆಯ) ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಬಿದ್ದ ಲೆನ್ಸಿನ ಗಾಜುಗಳು ನಡುವಿಂದ ಸರಿದಿರಬಹುದು. ಅದನ್ನು ಕಂಡುಹಿಡಿಯಲು ದೂರದ ಕಟ್ಟಡವೊಂದನ್ನು ಫ್ರೇಮಿನ ನಾಲ್ಕೂ ಮೂಲೆಗೆ ಬರುವಂತೆ ಒಂದೊಂದೇ ಸಲ ಇಟ್ಟು, ಪ್ರತಿ ಸಲವೂ ಫೋಕಸ್ ಮಾಡಿ ತೆಗೆಯಿರಿ. ಮೂರು ಮೂಲೆ ಸರಿಯಿದ್ದು ಒಂದು ಮಾತ್ರ ಮಸುಕಾದರೆ ಬೇಡ. ಜೂಮ್ ತಿರುಗಿಸುವಾಗ ಮರಳಿನ ಕರಕರ ಕೇಳಬಾರದು. ಸ್ಟೆಬಿಲೈಸರ್ ಶುರುವಾಗುವಾಗ ಬರುವ ಸಣ್ಣ ಟಿಕ್ ಸದ್ದು ಸಹಜ. ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು 600 ಎಂಎಂ, 1/125ರಲ್ಲಿ ಕೈಯಲ್ಲೇ ಹಿಡಿದು ಹತ್ತು ಚಿತ್ರ ತೆಗೆಯಿರಿ. ಸ್ಟೆಬಿಲೈಸರ್ ಆರಿಸಿ ಮತ್ತೆ ಹತ್ತು. ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಸ್ಟೆಬಿಲೈಸರ್ ಸತ್ತಿದೆ. ಬಿಲ್ಲಿನ ಸೀರಿಯಲ್ ನಂಬರನ್ನು ಲೆನ್ಸಿನ ಮೇಲಿನದರ ಜೊತೆ ಹೋಲಿಸಿ.

ಇಡುವ ಜಾಗದ ತೇವಾಂಶ 40ರಿಂದ 50 ಶೇಕಡ ಇರಲಿ. 60 ದಾಟಿದರೆ ಬೂಷ್ಟಿಗೆ ದಾರಿ, 30ಕ್ಕಿಂತ ಕೆಳಗೆ ಹೋದರೆ ಒಳಗಿನ ಗ್ರೀಸು, ರಬ್ಬರಿಗೆ ಒಳ್ಳೆಯದಲ್ಲ. ವಿದ್ಯುತ್ ಡ್ರೈ ಕ್ಯಾಬಿನೆಟ್ ಉತ್ತಮ. ಇಲ್ಲದಿದ್ದರೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಅದರೊಳಗೊಂದು ಪುಟ್ಟ ತೇವಮಾಪಕ ಮತ್ತು ಸಿಲಿಕಾ ಜೆಲ್. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಕಿತ್ತಳೆ ಬಣ್ಣದ್ದನ್ನು ತನ್ನಿ. ಅದು ಹಸಿರಾದಾಗ ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ, ಒವನ್‌ನಲ್ಲಿ 110-120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಲೆನ್ಸಿನ ಜೊತೆ ಬಂದ ಬಟ್ಟೆ ಚೀಲದೊಳಗೆ ಮಳೆಗಾಲದಲ್ಲಿ ಇಡಲೇಬೇಡಿ, ಬಟ್ಟೆ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಭುಜದ ನೋವಿದೆ, ಎರಡು ಕಿಲೋ ಹೊರಲಾರೆ. ಮನೆ ಸುತ್ತಲಿನ ಕಾಡಿನ ಹಕ್ಕಿಗಳಿಗೆ ಕ್ಯಾನನ್ ಆರ್‌ಎಫ್ 600 ಎಫ್/11 ಆದೀತೇ? (ಶಿರಸಿ)

ಉತ್ತರ: ಅದು 930 ಗ್ರಾಂ ಮಾತ್ರ, ಬಯಲಿನಲ್ಲಿ ಒಳ್ಳೆಯ ಲೆನ್ಸ್. ನಿಮ್ಮ ಕಡೆಯ ದಟ್ಟ ಕಾಡಿನ ನೆರಳಲ್ಲಿ ಕಷ್ಟ. ಎಫ್/6.3ಕ್ಕೆ ಹೋಲಿಸಿದರೆ ಒಂದೂ ಮೂರನೇ ಎರಡರಷ್ಟು ಸ್ಟಾಪ್ ಬೆಳಕು ಕಡಿಮೆ, ಅಂದರೆ ಐಎಸ್‌ಒ 3200 ಸಾಕಾಗುವಲ್ಲಿ 10,000. ಫೋಕಸ್ ಕೂಡ ಫ್ರೇಮಿನ ನಡುಭಾಗದಲ್ಲಷ್ಟೇ ಸಿಗುತ್ತದೆ. 4.5 ಮೀಟರಿಗಿಂತ ಹತ್ತಿರ ಬಂದ ಹಕ್ಕಿಗೆ ಫೋಕಸ್ ಆಗುವುದೇ ಇಲ್ಲ, ಅಂಗಳದ ಹಕ್ಕಿಗಳಿಗೆ ಇದು ದೊಡ್ಡ ಅಡ್ಡಿ. ಅದೇ ಕಂಪನಿಯ ಆರ್‌ಎಫ್ 100-400 ಎಫ್/5.6-8 ಲೆನ್ಸ್ 635 ಗ್ರಾಂ. ಆರ್7 ಅಥವಾ ಆರ್10 ಬಾಡಿಯ ಮೇಲೆ ಅದರ ಚೌಕಟ್ಟು ಫುಲ್‌ಫ್ರೇಮಿನ 640 ಎಂಎಂಗೆ ಸಮ. ನಿಮಗೆ ಅದನ್ನೇ ಹೇಳುತ್ತೇವೆ.

ಪ್ರಶ್ನೆ: ಉದ್ದ ಲೆನ್ಸ್ ಇದ್ದರೆ ದೂರದಿಂದಲೇ ಮಂಗಟ್ಟೆಯ ಗೂಡಿನ ಫೋಟೋ ತೆಗೆಯಬಹುದಲ್ಲವೇ? (ದಾಂಡೇಲಿ)

ಉತ್ತರ: ಬೇಡ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡಿರುತ್ತದೆ. ಅದೂ ಮರಿಗಳೂ ಗಂಡು ತರುವ ಆಹಾರದ ಮೇಲೇ ಬದುಕಬೇಕು. ಮರದ ಬಳಿ ಜನ ಕಂಡರೆ ಗಂಡು ದೂರದಲ್ಲೇ ಕೂತು ಕಾಯುತ್ತದೆ, ಒಳಗಿನವಕ್ಕೆ ಆ ತುತ್ತು ತಪ್ಪುತ್ತದೆ. ಅದಕ್ಕೆ 600 ಎಂಎಂನ ದೂರ ಸಾಕಾಗುವುದಿಲ್ಲ. ಹಣ್ಣು ಬಿಟ್ಟ ಅತ್ತಿ, ಆಲದ ಮರಗಳ ಬಳಿ ಕಾಯಿರಿ. ಮಂಗಟ್ಟೆ ಅಲ್ಲಿಗೇ ಬರುತ್ತದೆ, ಬೆಳಕೂ ಚೆನ್ನಾಗಿರುತ್ತದೆ.

ಪ್ರಶ್ನೆ: ಹೊಸ ಲೆನ್ಸಿನ ಬದಲು ಈಗಿರುವ 150-600ಕ್ಕೆ ಟೆಲಿಕನ್ವರ್ಟರ್ ಹಾಕಿದರೆ? (ಹಾಸನ)

ಉತ್ತರ: ಟೆಲಿಕನ್ವರ್ಟರ್ ಎಂದರೆ ಲೆನ್ಸಿಗೂ ಕ್ಯಾಮೆರಾಗೂ ನಡುವೆ ಕೂರಿಸಿ ಎಂಎಂ ಹೆಚ್ಚಿಸುವ ಗಾಜಿನ ಜೋಡಣೆ. 1.4 ಪಟ್ಟಿನ ಕನ್ವರ್ಟರ್ ಹಾಕಿದರೆ ಎಫ್/6.3 ಎಂಬುದು ಎಫ್/9 ಆಗುತ್ತದೆ, 2 ಪಟ್ಟಿನದಕ್ಕೆ ಎಫ್/13. ಡಿಎಸ್‌ಎಲ್‌ಆರ್‌ಗಳಲ್ಲಿ (ಡಿ5600ರಂತೆ ಒಳಗೆ ಕನ್ನಡಿಯಿರುವ ಕ್ಯಾಮೆರಾ) ಬಹುತೇಕದರ ಫೋಕಸ್ ಎಫ್/5.6ರ ಆಸುಪಾಸಿಗೆ, ಕೆಲವದರದ್ದು ಎಫ್/8ಕ್ಕೆ ನಿಲ್ಲುವುದರಿಂದ ಅವುಗಳ ಮೇಲೆ ಇದು ದುಡ್ಡು ದಂಡ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಫೋಕಸ್ ಆಗುತ್ತದೆ, ನಿಧಾನವಾಗಿ. ಕ್ಯಾನನ್ ಆರ್‌ಎಫ್ 100-500ಕ್ಕೆ ಹಾಕುವವರು ಇದನ್ನೂ ತಿಳಿದಿರಿ: ಕನ್ವರ್ಟರ್ ಇದ್ದಾಗ ಜೂಮ್ 300ಕ್ಕಿಂತ ಹಿಂದಕ್ಕೆ ಬರುವುದಿಲ್ಲ. ಕೊಳ್ಳುವ ಮುಂಚೆ ಒಂದು ದಿನ ಬಾಡಿಗೆಗೆ ತಂದು, ಒಂದೇ ಹಕ್ಕಿಯನ್ನು ಕನ್ವರ್ಟರ್ ಹಾಕಿಯೂ ಹಾಕದೆಯೂ ತೆಗೆಯಿರಿ. ಹಾಕದೆ ತೆಗೆದದ್ದನ್ನು ಕಂಪ್ಯೂಟರಿನಲ್ಲಿ 1.4 ಪಟ್ಟು ಹಿಗ್ಗಿಸಿ ಪಕ್ಕಪಕ್ಕ ಇಡಿ. ಕನ್ವರ್ಟರಿನ ಚಿತ್ರದಲ್ಲಿ ಒಂದು ಗರಿಯೂ ಹೆಚ್ಚು ಸ್ಪಷ್ಟವಾಗಿ ಕಾಣದಿದ್ದರೆ ವಾಪಸ್ ಕೊಟ್ಟುಬಿಡಿ.